ಖಾಲಿ ಗಂಗಾಳದ ಫೋಟೋ

ವೇದಿಕೆಯ ಮೇಲಿರುವ ಬೋರ್ಡಿಂಗ್ ಸಮಿತಿಯ ಅಧ್ಯಕ್ಷರಾದ ಶಂಕರೆಪ್ಪನವರೇ, ಮಗಳನ್ನು ಕಳೆದುಕೊಂಡು ಟಿಕೋಟಾದಿಂದ ಇಲ್ಲಿಯವರೆಗೆ ಬಂದಿರುವ ತಾಯಿ ಜಾನಕೀಬಾಯಿಯವರೇ, ಬಬಲೇಶ್ವರದ ಮತ್ತು ಜೈನಾಪುರದ ಹಿರಿಯರೇ, — ಮತ್ತು ಎಲ್ಲರಿಗಿಂತ ಮುಂದೆ ಜಮಖಾನೆಯ ಮೇಲೆ ಕೂಡಿಸಿರುವ ಕುರಿಹಟ್ಟಿಯ ಅವ್ವಂದಿರೇ, — ನಿಮಗೆಲ್ಲ ಈ ಶ್ರೀಶೈಲ ಮಾಸ್ತರನ ಕೈಮುಗಿದ ನಮಸ್ಕಾರ.

ಹದಿಮೂರು ದಿನದ ಹಿಂದೆ ನಮ್ಮ ಸಖೂಬಾಯಿ ಅಕ್ಕೋರು ತೀರಿಕೊಂಡರು. ಒಂಬತ್ತು ವರ್ಷ ಜೈನಾಪುರದ ಶಾಲೆಯಲ್ಲಿ ಅವರು ಎರಡನೆಯ ಇಯತ್ತೆ ಕಲಿಸಿದರು, ನಾನು ನಾಲ್ಕನೆಯದು. ನಡುವೆ ಇದ್ದದ್ದು ಒಂದು ಬಿದಿರಿನ ತಟ್ಟಿ. ಆ ಕಡೆ ಅವರು ಮಗ್ಗಿ ಹೇಳಿಸಿದರೆ ಈ ಕಡೆ ನನ್ನ ಹುಡುಗರೂ ಹೇಳುತ್ತಿದ್ದರು. ನಾನು ಸುಮ್ಮನೆ ಕೂತು ಪಗಾರ ತಗೊಂಡೆ ಅಂತ ಅವರು ನಗುತ್ತಿದ್ದರು. ಅದು ನಿಜವೂ ಆಗಿತ್ತು.

ಈಗ — ಇಲ್ಲಿ ನನ್ನ ಕಿಸೆಯಲ್ಲಿ ಒಂದು ಕಾಗದ ಇದೆ. ಬೆಳಿಗ್ಗೆ ಅಧ್ಯಕ್ಷರು ಕೊಟ್ಟದ್ದು. ನಾನು ಓದಬೇಕಾದ ಭಾಷಣ. ಅಕ್ಷರ ಚೆನ್ನಾಗಿದೆ. ಅದರಲ್ಲಿ ಒಂದು ಸಾಲು ಹೀಗಿದೆ: ‘ಅವರ ಕೈಯಿಂದ ಒಂದು ಪ್ರಮಾದ ನಡೆದಿದ್ದರೂ, ಸತ್ತವರನ್ನು ಕ್ಷಮಿಸುವುದು ನಮ್ಮ ಧರ್ಮ.’ — ಕ್ಷಮಿಸುವುದು. ಯಾರು, ಯಾರನ್ನ? ಈ ಕಾಗದವನ್ನು ನಾನು ಓದುವುದಿಲ್ಲ. ಅಧ್ಯಕ್ಷರು ಗಡಿಯಾರ ನೋಡಿಕೊಳ್ಳುತ್ತಿದ್ದಾರೆ. ನೋಡಿಕೊಳ್ಳಲಿ. ನಾನು ಬೇಗ ಮುಗಿಸುವುದಿಲ್ಲ.

ನಾವು ಕೂತಿರುವ ಈ ಮಾಡಿನ ಕೆಳಗೆ ಇಷ್ಟು ಮಂದಿ ಸೇರಿದ್ದು ಇದೇ ಮೊದಲು. ಇದು ಕುರಿಗಾರರ ಮಕ್ಕಳ ಬೋರ್ಡಿಂಗು. ತಾಯಿತಂದೆ ಕುರಿಯ ಹಿಂದೆ ವರ್ಷದಲ್ಲಿ ಎಂಟು ತಿಂಗಳು ಊರೂರು ತಿರುಗುತ್ತಾರೆ. ಮಕ್ಕಳು ಶಾಲೆಗೆ ಬಂದದ್ದು ನಾಲ್ಕು ತಿಂಗಳು, ಮರೆತದ್ದು ಎಂಟು ತಿಂಗಳು. ಅಕ್ಕೋರು ಇಪ್ಪತ್ತೆರಡು ಮಕ್ಕಳನ್ನು ಶಾಲೆಯ ಪಡಸಾಲೆಯಲ್ಲಿಯೇ ಇಟ್ಟುಕೊಂಡರು. ಮಳೆ ಬಂದರೆ ಹಾಸಿಗೆ ಸುತ್ತಿಕೊಂಡು ನನ್ನ ಇಯತ್ತೆಗೆ ಬರುತ್ತಿದ್ದರು. ಆವಾಗ ಇಂಗ್ಲೆಂಡಿನ ಒಂದು ಕಾಲೇಜಿನ ಹುಡುಗ ಹುಡುಗಿಯರು ನಮಗಾಗಿ ರೊಕ್ಕ ಕೂಡಿಸಿದರು. ಅವರಿಗೆ ನಾವು ಪರದೇಶದ ಬಡಮಕ್ಕಳು. ಮಂದಿಯ ಮೋಟಾರು ತೊಳೆದು, ರಜಾ ದಿನ ಊರಿಂದೂರಿಗೆ ನಡೆದು ಕೂಡಿಸಿದರಂತೆ. ಎಪ್ಪತ್ತೈದರ ಚಳಿಗಾಲದಲ್ಲಿ ಏಳು ಜನ ಇಲ್ಲಿಗೇ ಬಂದರು. ಟೊಪ್ಪಿಗೆ ಹಾಕಿಕೊಂಡು ಕಲ್ಲು ಹೊತ್ತರು. ಕೈ ಬೊಬ್ಬೆ ಎದ್ದರೂ ಬಿಡಲಿಲ್ಲ. ನಮ್ಮ ಗೌಂಡಿ ತುಕಾರಾಮ ಅಂದ, “ಈ ಮಂದಿ ಕಲ್ಲಿಗೂ ಥ್ಯಾಂಕ್ಸ್ ಅಂತ ಹೇಳಿ ಇಡತಾರ ನೋಡ್ರಿ.” ಅವರನ್ನು ನಾನು ಬೈಯುವುದಿಲ್ಲ. ಒಳ್ಳೆಯ ಮಕ್ಕಳು. ಗೋಡೆ ಮಾಡಿನ ಮಟ್ಟಕ್ಕೆ ಬಂದಿತು, ಅವರ ರಜೆ ಮುಗಿಯಿತು. ಹೋಗುವಾಗ, ‘ಮಕ್ಕಳ ಒಂದು ಫೋಟೋ ಕಳಿಸಿರಿ, ಅದನ್ನು ತೋರಿಸಿ ಮಾಡಿನ ರೊಕ್ಕ ಕೂಡಿಸುತ್ತೇವೆ’ ಅಂದರು.

ಫೋಟೋ — ಅಂದರೆ ನಮ್ಮ ಕಡೆ ಏನು? ಮೈ ತೊಳೆದುಕೊಂಡು, ಎಣ್ಣೆ ಹಚ್ಚಿಕೊಂಡು, ಇದ್ದದ್ದು ಹಾಕಿಕೊಂಡು, ಇಲ್ಲದ್ದು ಕಡ ತಂದು ನಿಲ್ಲುವುದು. ಸಕ್ರವ್ವ ಇಲ್ಲಿ ಮುಂದೆಯೇ ಕೂತಿದ್ದಾಳೆ. ಅವಳು ಗೌಡರ ಮನೆಗೆ ಹೋಗಿ ಬಂಗಾರದ ಬೋರಮಾಳ ಕೇಳಿ ತಂದು ತನ್ನ ಮಗಳು ಹೊಳೆವ್ವನ ಕೊರಳಿಗೆ ಹಾಕಿದಳು. “ಫೋಟೋ ಸಮುದ್ರ ದಾಟಿ ಹೋಗತೈತಂತ್ರಿ ಮಾಸ್ತರ. ಜೈನಾಪುರದವ್ರು ಗತಿಗೆಟ್ಟವ್ರು ಅನ್ನಿಸಿಕೋಬಾರದು,” ಅಂದಳು. ಒಬ್ಬ ಹುಡುಗನ ತಲೆಗೆ ಅಜ್ಜನ ಪಟಗ. ಇನ್ನೊಬ್ಬನ ಕೈಗೆ ಗಡಿಯಾರ, — ಅದು ಅಧ್ಯಕ್ಷರದ್ದೇ. ಇಪ್ಪತ್ತೆರಡು ಮಕ್ಕಳು ಮದುವೆಗೆ ಹೊರಟವರ ಹಾಗೆ ನಿಂತಿದ್ದರು. ಅಕ್ಕೋರು ತಮ್ಮ ಕೈಯಾರೆ ಬೈತಲೆ ತೆಗೆದರು. ನಾವೆಲ್ಲ ಖುಷಿಯಾಗಿ ಕಳಿಸಿದೆವು.

ಮೂರು ತಿಂಗಳಿಗೆ ಕಾಗದ ಬಂತು. ‘ಇಲ್ಲಿಯ ಮಂದಿ ಕೇಳುತ್ತಿದ್ದಾರೆ, ಬಂಗಾರ ಹಾಕಿಕೊಂಡ ಮಕ್ಕಳಿಗೆ ನಾವು ಯಾಕೆ ಕೊಡಬೇಕು ಅಂತ. ದಿನಾ ಹೇಗಿರುತ್ತಾರೋ ಹಾಗೆ ಇನ್ನೊಂದು ಫೋಟೋ ಕಳಿಸಿರಿ.’ ಇಷ್ಟೇ ಬರೆದಿದ್ದರು. ದಿನಾ ಹೇಗಿರುತ್ತಾರೋ ಹಾಗೆ. ಅದನ್ನಾದರೂ ನಾವು ಮಾಡಿದೆವೇ? ಬಿಜಾಪುರದಲ್ಲಿ ಸಮಿತಿಯ ಸಭೆ ಕೂತಿತು. ಚಹಾ ಬಂತು, ಭಜಿ ಬಂತು. ತಿಂದು ಕೈ ಒರೆಸಿಕೊಂಡು ಅಧ್ಯಕ್ಷರು ಅಂದರು, “ಅವರಿಗೆ ಬಡವ್ರು ಬೇಕಾಗ್ಯಾರ. ಕೊಡೂಣು.” ನಾನು ಹೂಂ ಅಂದೆ. ಎಲ್ಲರೂ ಹೂಂ ಅಂದರು.

ಅಕ್ಕೋರೊಬ್ಬರೇ ಎದ್ದು ನಿಂತರು. “ಅಕ್ಷರ ಕಲಸ್ತೀನಿ ಅಂತ ತಾಯಂದಿರ ಕಡಿಂದ ಈಸಿಕೊಂಡ ಬಂದ ಮಕ್ಕಳ್ರಿ. ಅವಕ್ಕ ಭಿಕ್ಷಾ ಬೇಡೂದು ಕಲಸೂದಿಲ್ಲ. ಮಾಡು ಇಲ್ಲದಿದ್ರ ಇಲ್ಲ, ಪಡಸಾಲಿ ಐತಿ,” ಅಂದರು. ಅಧ್ಯಕ್ಷರು ಅವರ ನೌಕರಿ ಇನ್ನೂ ಕಾಯಂ ಆಗಿಲ್ಲ ಅನ್ನುವುದನ್ನು ನೆನಪು ಮಾಡಿಕೊಟ್ಟರು. ಅಕ್ಕೋರು ರಜಾ ಚೀಟಿ ಬರೆದು ಮೇಜಿನ ಮೇಲಿಟ್ಟು ಟಿಕೋಟಾದ ಬಸ್ಸು ಹತ್ತಿದರು. ಜಾನಕೀಬಾಯಿಯವರೇ, ಆವತ್ತು ಮಗಳು ಉಣ್ಣದೆ ಮಲಗಿದಳು, ಏನೂ ಹೇಳಲಿಲ್ಲ, ಯಾಕೆ ಅಂತ ನೀವು ಮೊನ್ನೆ ನನ್ನ ಕೇಳಿದಿರಿ. ನಾನು ಗೊತ್ತಿಲ್ಲ ಅಂದೆ. ಗೊತ್ತಿತ್ತು.

ಮರುದಿನ ನಾನು ಮಕ್ಕಳ ಹತ್ತಿರ ಹೋದೆ. ಇದೇ ಕೈ, ನೋಡಿಕೊಳ್ಳಿರಿ. ಒಳ್ಳೆಯ ಅಂಗಿ ಬಿಚ್ಚಿಸಿ ಹರಕು ಹಾಕಿಸಿದೆ. ಬಾಚಿದ ಕೂದಲಿಗೆ ಮಣ್ಣು ಹಾಕಿದೆ. ಹೊಳೆವ್ವನ ಕೈಗೆ ಉಣ್ಣುವ ಒಂದು ಖಾಲಿ ಗಂಗಾಳ ಕೊಟ್ಟು, ಮುಂದೆ ಚಾಚು ಅಂದೆ. ಆಕೆಗೆ ಆಗ ಒಂಬತ್ತು ವರ್ಷ. “ಏನ ಹಾಕತೀರಿ ಇದರಾಗ?” ಅಂತ ಕೇಳಿದಳು. ಏನೂ ಹಾಕುವುದಿಲ್ಲ, ಹಿಡಿ ಅಂದೆ. ಆಕೆಗೆ ಅದೊಂದು ಆಟ ಅನ್ನಿಸಿತು, ನಕ್ಕಳು. ನಗಬೇಡ ಅಂದೆ. ಮತ್ತೆ ನಕ್ಕಳು. — ಕಪಾಳಕ್ಕೆ ಒಂದು ಬಿಟ್ಟೆ. ಕಣ್ಣಲ್ಲಿ ನೀರು ಬಂತು. ಈಗ ತೆಗಿ ಅಂದೆ.

ತೆಗೆದವರು ಸೊಲ್ಲಾಪುರ ರಸ್ತೆಯಲ್ಲಿ ಸ್ಟುಡಿಯೋ ಇಟ್ಟಿರುವ ಪೀರಸಾಬ. ಅವರೂ ಇಲ್ಲಿದ್ದಾರೆ, ಆ ಕಂಬದ ಹತ್ತಿರ, ಕ್ಯಾಮೆರಾ ಹಿಡಿದುಕೊಂಡು. ಅವತ್ತು ಅವರು ನನಗೆ ಅಂದದ್ದು, “ಮಾಸ್ತರ, ಹೊಟ್ಟಿಪಾಡು, ತಗೀತೀನಿ. ಆದ್ರ ಇದರ ಹಿಂದ ನನ್ನ ಅಂಗಡಿ ಶಿಕ್ಕಾ ಹೊಡಿಯೂದಿಲ್ಲ.” ಶಿಕ್ಕಾ ಇಲ್ಲದ ಫೋಟೋ ಅವರ ಅಂಗಡಿಯಿಂದ ಅದೊಂದೇ ಹೋದದ್ದು. ನನ್ನ ಬಳಿ ಹೊಡೆಯಲು ಶಿಕ್ಕಾ ಇರಲಿಲ್ಲ, ಹಾಗಾಗಿ ನಾನು ನಾಚಿಕೊಳ್ಳಲೂ ಇಲ್ಲ.

ದೀಪಾವಳಿಗೆ ಈ ಮಾಡು ಬಂತು. ತಗಡು, ಕಬ್ಬಿಣದ ತೊಲೆ, ಎಲ್ಲ. ಮಕ್ಕಳು ಒಳಗೆ ಬಂದು ಮಲಗಿದರು. ಅಕ್ಕೋರು ನನ್ನ ಜೊತೆ ಮಾತು ಬಿಟ್ಟರು, ಆದರೆ ಮಕ್ಕಳಿಗೆ ಒಣ ನೆಲ ಸಿಕ್ಕಿತಲ್ಲ ಅಂತ ಕೆಲಸಕ್ಕೆ ಬಂದರು. ಆಮೇಲೆ ಹೊಸ ವರ್ಷಕ್ಕೆ ಆ ಕಾಲೇಜಿನವರು ಪ್ರೀತಿಯಿಂದ ಒಂದು ಗಂಟು ಕಳಿಸಿದರು. ಕ್ಯಾಲೆಂಡರು. ರೊಕ್ಕ ಕೂಡಿಸಲು ಅವರು ಅಲ್ಲಿ ಅದನ್ನು ಛಾಪಿಸಿ ಮಾರಿದ್ದರು. ನುಣುಪು ಕಾಗದ. ಮೊದಲ ಹಾಳೆಯಲ್ಲಿಯೇ ಹೊಳೆವ್ವ, ಗಂಗಾಳ, ಕಣ್ಣೀರು. ನಾವು ಏನು ಮಾಡಿದೆವು? ಹಂಚಿದೆವು. ಪುಕ್ಕಟೆ ಕ್ಯಾಲೆಂಡರು ಯಾರು ಬೇಡ ಅಂತಾರೆ? ಕ್ಷೌರದ ಅಂಗಡಿಗೆ, ಗಿರಣಿಗೆ, ಬಿಜಾಪುರದ ಚಹಾದಂಗಡಿಗೆ, ಸಮಿತಿಯವರ ಬೀಗರ ಮನೆಗೆ. ಊರೆಲ್ಲ ಮೊಳೆ ಹೊಡೆದು ತೂಗುಹಾಕಿತು.

ಸಕ್ರವ್ವ ಉಣ್ಣೆ ಮಾರಲು ಬಿಜಾಪುರಕ್ಕೆ ಹೋಗಿದ್ದಳು. ಇಬ್ರಾಹಿಂಪುರದಲ್ಲಿ ಒಂದು ಚಹಾದಂಗಡಿಯ ಗೋಡೆಯ ಮೇಲೆ ತನ್ನ ಮಗಳನ್ನು ಕಂಡಳು. ಈ ಹುಡುಗಿ ಯಾರು ಅಂತ ಕೇಳಿದಳು. “ಯಾರೋ ತಿರಕೊಂಡ ತಿನ್ನೋರ ಹುಡುಗಿ,” ಅಂದನಂತೆ ಅಂಗಡಿಯವನು. ಸಕ್ರವ್ವ ಅದನ್ನು ಗೋಡೆಯಿಂದ ಕಿತ್ತುಕೊಂಡು ಸೀದಾ ಶಾಲೆಗೆ ಬಂದಳು. ನನ್ನ ಮೇಜಿನ ಮೇಲೆ ಹಾಸಿದಳು. “ನಾವು ಕುರಿ ಕಾಯ್ತೀವ್ರಿ. ಹಾಲು ಕೊಡ್ತೀವಿ, ಉಣ್ಣಿ ಕೊಡ್ತೀವಿ. ಯಾರ ಮುಂದನೂ ಗಂಗಾಳ ಹಿಡದಿಲ್ಲ. ಇದನ್ನ ನನ್ನ ಮಗಳ ಕೈಯಾಗ ಕೊಡಿಸಿದವ್ರು ಯಾರು?”

ತಟ್ಟಿಯ ಆ ಕಡೆ ಅಕ್ಕೋರು ಪಾಠ ನಿಲ್ಲಿಸಿದರು. ಎದ್ದು ಬಂದು ಬಾಗಿಲಲ್ಲಿ ನಿಂತರು. ಅವರನ್ನು ನೋಡುತ್ತಲೇ ನಾನು ಹೇಳಿದೆ: “ಬೋರ್ಡಿಂಗ್ ಅಕ್ಕೋರದು. ಅವರು ಹೇಳಿದ್ರು, ನಾ ಮಾಡಿದೆ.”

— ಹೇಳಿದೆ.

ಮಂಗ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಮೇಕೆಯಾದರೂ ಒಂದು ಸಲ ಅರಚುತ್ತದೆ. ಅಕ್ಕೋರು ಒಂದು ಮಾತು ಆಡಲಿಲ್ಲ. ಆಮೇಲೆ ನಾನು ಕೇಳಿದೆ, ಯಾಕೆ ಸುಮ್ಮನಿದ್ದಿರಿ ಅಂತ, — ಕೇಳುವ ಮುಖವೂ ಇತ್ತು ನನಗೆ. ಅವರು ಹೇಳಿದರು: “ಬ್ಯಾಡ ಅನ್ನಾಕ ನನಗ ಬಾಯಿತ್ತು ಮಾಸ್ತರ, ತಡಿಯಾಕ ಎದಿ ಇರಲಿಲ್ಲ. ನಿಮ್ಮ ಕೈಯಾಗ ಮಕ್ಕಳನ ಬಿಟ್ಟು ಬಸ್ ಹತ್ತಿದಾಕಿ ನಾ. ಸಕ್ರವ್ವಗ ನಾ ಏನಂತ ಹೇಳ್ಲಿ?” ಅವರದ್ದು ಅಷ್ಟೇ ತಪ್ಪು, ಅದರ ಮೇಲೆ ನನ್ನದೂ ಸಮಿತಿಯದೂ ಎಲ್ಲ ಹೊತ್ತುಕೊಂಡರು. ಸಮಿತಿಗೆ ಸಂಗತಿ ಗೊತ್ತಿತ್ತು. ಅಧ್ಯಕ್ಷರು ನನ್ನ ಬೆನ್ನು ತಟ್ಟಿ, ಹೇಳಿದ್ದು ಛಲೋ ಆತು ಅಂದರು.

ಎಂಟು ದಿನದಲ್ಲಿ ಇಪ್ಪತ್ತೆರಡೂ ಮಕ್ಕಳು ಹೋದವು. ಮಾಡು ಇತ್ತು, ಮಕ್ಕಳಿರಲಿಲ್ಲ. ಅಕ್ಕೋರು ದಿನಾ ಬಂದು ಇಲ್ಲಿ ಕಸ ಹೊಡೆಯುತ್ತಿದ್ದರು. ರವಿವಾರ ಬಂದರೆ ಹಟ್ಟಿ ಎಲ್ಲಿ ಬೀಡುಬಿಟ್ಟಿದೆ ಅಂತ ವಿಚಾರಿಸಿಕೊಂಡು ಹೊಲದ ದಾರಿ ಹಿಡಿದು ನಡೆಯುತ್ತಿದ್ದರು, ಮಕ್ಕಳನ್ನು ಕೊಡಿರಿ ಅಂತ ಕೇಳಲು. ಹಟ್ಟಿಯವರು ಮಾತಾಡಿಸಲಿಲ್ಲ. ಅಕ್ಕೋರಿಗೆ ಯಾರೂ ನೀರು ಕೊಡಬಾರದು ಅಂತ ತಮ್ಮೊಳಗೆ ಮಾತು ಮಾಡಿಕೊಂಡರು. ವೈರಿ ಬಾಗಿಲಿಗೆ ಬಂದರೂ ಮೊದಲು ತಂಬಿಗೆ ನೀರು ಕೊಡುವ ಮಂದಿ ಇವರು. ಅಂಥವರು ಕೊಡಲಿಲ್ಲ ಅಂದರೆ ಅವರ ಹೊಟ್ಟೆ ಎಷ್ಟು ಉರಿದಿರಬೇಕು. ಒಂದು ವರ್ಷದ ಮೇಲೆ ಮೂರು ತಿಂಗಳು ಹೀಗೆ ನಡೆಯಿತು. ಅಷ್ಟೂ ದಿನ ಅಕ್ಕೋರು ಊರಿಂದಲೇ ನೀರು ತುಂಬಿಕೊಂಡು ಹೋಗಿ ಬಂದರು, ನಾನು ತಟ್ಟಿಯ ಈ ಕಡೆ ಕೂತು ನೋಡಿದೆ.

ಹೋದ ರವಿವಾರದ ಹಿಂದಿನ ರವಿವಾರ ಬಸ್ಸು ಬಬಲೇಶ್ವರದಲ್ಲಿಯೇ ಕೆಟ್ಟು ನಿಂತಿತು. ಅಕ್ಕೋರು ಅಲ್ಲಿಂದ ನಡೆದರು. ಬಿಸಿಲು ನಿಮಗೆ ಗೊತ್ತೇ ಇದೆ. ತಂದ ನೀರು ದಾರಿಯಲ್ಲಿ ಮುಗಿದಿತ್ತು. ಹಟ್ಟಿಯ ಮುಂದೆ ಕುಸಿದು ಕೂತು ನೀರು ಕೇಳಿದರು. ಸಕ್ರವ್ವ ಕೊಡ ಎತ್ತಿ, ಅವರ ಕಣ್ಣೆದುರು, ನೆಲಕ್ಕೆ ಬೋರಲು ಹಾಕಿದಳು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ, ಸಕ್ರವ್ವನೇ ಮರುದಿನ ನನ್ನ ಮನೆಯ ಕಟ್ಟೆಯ ಮೇಲೆ ಕೂತು ಹೇಳಿದಳು. ಅಕ್ಕೋರು ಮೇಲೇಳದ್ದನ್ನು ನೋಡಿ ಇನ್ನೊಂದು ಕೊಡ ತಂದಳು. ತಲೆ ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ಹಾಕಿದಳು. ನೀರು ಹೊರಗೇ ಹರಿಯಿತು. ಬಂಡಿಯಲ್ಲಿ ಹಾಕಿಕೊಂಡು ಬಬಲೇಶ್ವರದ ದಾರಿ ಹಿಡಿದರು, ದಾರಿಯಲ್ಲಿ ಮುಗಿಯಿತು. ಸಕ್ರವ್ವ ನನ್ನ ಕೇಳಿದಳು, “ಮಾಸ್ತರ, ನನಗ ಪಾಪ ಹತ್ತತೈತೇನು?” ಆವಾಗಲಾದರೂ ಹೇಳಬಹುದಿತ್ತು. ನಾನು ಚಹಾ ಕುಡಿದು ಹೋಗು ಅಂದೆ.

ಸಕ್ರವ್ವ. ಇಲ್ಲಿ ನೋಡು, ತಲಿ ಎತ್ತು. ಅಕ್ಕೋರು ಹೇಳಿರಲಿಲ್ಲ. ಅವರು ಬ್ಯಾಡ ಅಂದಿದ್ರು. ಗಂಗಾಳ ಕೊಟ್ಟವ ನಾ, ಹೊಡದವ ನಾ, ಸುಳ್ಳ ಹೇಳಿದವ ನಾ. ಇದನ್ನ ನಿನಗ ಇಷ್ಟು ಮಂದ್ಯಾಗ ಹೇಳಬಾರದಿತ್ತು. ಇಂದಿಂದ ನಿನಗ ನಿದ್ದಿ ಬರೂದಿಲ್ಲ, ಅದೂ ನನಗ ಗೊತ್ತೈತಿ. ಸುಳ್ಳ ಹೇಳಿ ನಿನ್ನ ಕೈಲೆ ಆಕಿನ್ನ ಕೊಲ್ಲಿಸಿದೆ, ಖರೇ ಹೇಳಿ ಈಗ ನಿನ್ನನ್ನೂ ಸುಡಾಕತ್ತೇನಿ. ಆದ್ರ ಆ ಕಾಗದ ಓದಿ, ಆಕಿಯ ತಪ್ಪು ಕ್ಷಮಾ ಮಾಡ್ರಿ ಅಂತ ನಿನ್ನ ಮುಂದ ಹೇಳಾಕ ನನ್ನ ನಾಲಿಗಿ ಏಳಲಿಲ್ಲವ್ವ. ನನ್ನನ್ನ ಏನ ಮಾಡ್ತಿ ಮಾಡು.

ಹಟ್ಟಿಯ ಅವ್ವಂದಿರೇ, ಇನ್ನೊಂದು ಮಾತು ಕೇಳಿರಿ. ನಿಮ್ಮನ್ನು ಇವತ್ತು ಗೌರವಕ್ಕೆ ಮುಂದೆ ಕೂಡಿಸಿಲ್ಲ. ಅಳುವ ತಾಯಂದಿರ ಫೋಟೋ ಬೇಕಾಗಿದೆ, ಆ ಕಾಲೇಜಿಗೆ ಕಳಿಸಲು. ಅಕ್ಕೋರ ಹೆಸರಿನಲ್ಲಿ ಇನ್ನೊಂದು ಕಟ್ಟಡ ಏಳಿಸುವುದಿದೆ. — ಅಧ್ಯಕ್ಷರೇ, ಕೂತುಕೊಳ್ಳಿರಿ, ಮುಗಿಸುತ್ತೇನೆ. ಕೈ ಬಿಡಿರಿ. — ಪೀರಸಾಬರೇ, ಕ್ಯಾಮೆರಾ ಕೆಳಗಿಡಿರಿ. ಇಟ್ಟರು. ಉಪಕಾರವಾಯಿತು.

ಇನ್ನು ಮೌನಾಚರಣೆ. ಮೌನ ನಮಗೆ ಯಾರೂ ಕಲಿಸಬೇಕಾಗಿಲ್ಲ. ಹಟ್ಟಿಯವರು ಯಾರೂ ಏಳಬೇಡಿರಿ, ಜಾನಕೀಬಾಯಿಯವರೇ, ನೀವೂ ಕೂತಿರಿ. ಉಳಿದವರು ಏಳೋಣ: ಸಮಿತಿಯವರು, ಮಾಸ್ತರರು, ಆ ಕ್ಯಾಲೆಂಡರನ್ನು ಮನೆಯಲ್ಲಿ ತೂಗುಹಾಕಿಕೊಂಡವರು. ಅಧ್ಯಕ್ಷರೇ, ನೀವೂ. ಎರಡು ನಿಮಿಷ ಅಂತ ಕಾರ್ಯಕ್ರಮ ಪತ್ರಿಕೆಯಲ್ಲಿ ಹಾಕಿದ್ದಾರೆ. ಗಡಿಯಾರ ಯಾರೂ ನೋಡುವುದು ಬೇಡ.

ಸಕ್ರವ್ವ, ನೀ ಸಾಕು ಅಂದಾಗ ನಾವು ಕೂಡತೀವಿ. ಅಲ್ಲೀತನಕ ನಿಲ್ಲತೀವಿ.

ಏಳ್ರಿ.