ಮೂಸೂದಕ್ಕೇನು ಅಡ್ಡಿ

ಅಳ್ನಾವರ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಯಾರೋ ಅಕ್ಕ, ತಮ್ಮ ಕುಳಿತಿದ್ದರು. ತಾನು ಮಾಡಿದ ವೈನನ್ನು ಗೋವಾದ ಹೋಟೆಲಿನವರಿಗೆ ತೋರಿಸಲು ತಮ್ಮ ಹೊರಟಿದ್ದ.

"ನಮ್ಮೂರ ವೈನಿಗೆ ನೀ ಹೇಳಿದಷ್ಟು ರೊಕ್ಕ ಯಾರು ಕೊಡ್ತಾರ, ಯಕ್ಕಾ? ಅರ್ಧಕ್ಕ ಕೊಟ್ಟುಬಿಡ್ತೀನಿ."

"ಬೂಚು ತಗಿ, ನೋಡೂಣು."

"ನೀ ಲಿಂಗ ಕಟ್ಟಿದಾಕಿ."

"ಕುಡೀಬ್ಯಾಡ ಅಂದಾರ. ಮೂಸಬ್ಯಾಡ ಅಂತ ಯಾರಂದಾರಲೇ?"

ಬಾಟಲಿಯ ಬೂಚನ್ನು ಮೂಗಿಗೆ ಹಿಡಿದು ಅವಳು ಬಹಳ ಹೊತ್ತು ಕಣ್ಣು ಮುಚ್ಚಿದಳು.

"ಏನ ಬಂತು?"

"ಮೊದ್ಲ ನೇರಲಹಣ್ಣು. ಆಮ್ಯಾಲ, ಮಳಿ ಬಿದ್ದ ನಮ್ಮ ಹೊಲದ ಮಣ್ಣು."

"ಮಣ್ಣಿನ ವಾಸನಿ ಅಂದ್ರ ಕೆಟ್ಟೈತೇನು?"

"ಹುಚ್ಚಾ, ಆ ಮಣ್ಣು ಗೋವಾದಾಗ ಎಲ್ಲಿ ಸಿಗತೈತಿ? ಬೆಲಿ ಇಳಸಬ್ಯಾಡ."

ತಮ್ಮ ಹಳಿಗಳ ಕಡೆ ನೋಡುತ್ತ ಕುಳಿತ.

"ಹಂಗಾರ ಇಳಸಂಗಿಲ್ಲ."

ರೈಲು ಬಂತು. ಅವನು ಬೂಚಿಗೆ ಕೈ ಚಾಚಿದ. ಅಕ್ಕ ಇನ್ನೊಮ್ಮೆ ಮೂಸಿಯೇ ಕೊಟ್ಟಳು.