ಮಗಳ ಕೋಣೆಗೆ ಬೀಗ ಹಾಕಿದ ಬಗ್ಗೆ

ನಾನು, ವಯಸ್ಸು ಅರವತ್ಮೂರು, ಕಸುಬು ಬೀಗ ರಿಪೇರಿ, ಹೆಂಡತಿ ತೀರಿಕೊಂಡು ಆರು ವರ್ಷ, ವಾಸ ಮಗಳ ಮನೆಯ ಎದುರು ಮನೆ, ಕೀಲಿ ಮೇಷ್ಟ್ರು ಎಂದರೆ ಯಾರಾದರೂ ತೋರಿಸುತ್ತಾರೆ, ಠಾಣೆಗೆ ಖುದ್ದಾಗಿ ಬಂದು ಬರೆಸುವುದೇನೆಂದರೆ:

ನನ್ನ ಒಬ್ಬಳೇ ಮಗಳಿಗೆ ಹೆರಿಗೆಯಾಗಿ ಎರಡು ತಿಂಗಳು. ಆರೈಕೆಗೆಂದು ಅಳಿಯನ ತಾಯಿ ಬಂದು ಕೂತಿದ್ದಾರೆ. ನನ್ನವಳು ಇದ್ದಿದ್ದರೆ ಆ ಜಾಗ ಅವರಿಗೆ ಸಿಗುತ್ತಿರಲಿಲ್ಲ, ಇರಲಿ. ನಾನು ಅಂಗಡಿಗೆ ಹೋಗುವ ಮುಂಚೆ, ಊಟಕ್ಕೆ ಬಂದಾಗ, ಅಂಗಡಿ ಮುಚ್ಚಿದ ಮೇಲೆ ಮಗಳನ್ನು ನೋಡಿ ಬರುತ್ತೇನೆ. ಹೋದಾಗಲೆಲ್ಲ ಆಯಮ್ಮ, ಮೆಲ್ಲಗೆ ಬೀಗರೇ, ಈಗ ತಾನೇ ಕಣ್ಣು ಮುಚ್ಚಿದಾಳೆ ಅನ್ನುತ್ತಾರೆ. ನನ್ನ ಮಗಳ ನಿದ್ದೆಯ ಸುದ್ದಿ ನನಗೆ ಅವರಿಂದ ಬರಬೇಕೆ? ಎಬ್ಬಿಸಿ ಮಾತಾಡಿಸಿಯೇ ಬರುತ್ತಿದ್ದೆ. ಯು ಆರ್ ಮೈ ಡಾಟರ್ ಫಸ್ಟ್, ಸೊಸೆ ನೆಕ್ಸ್ಟ್ ಅನ್ನುತ್ತಿದ್ದೆ. ಮೊದಲಾದರೆ ನಗುತ್ತಿದ್ದಳು. ಹೋದ ವಾರ ಬಾಚಣಿಗೆ ಕೈಯಲ್ಲಿ ಹಿಡಿದು ಸುಮ್ಮನೆ ಅಳುತ್ತಿದ್ದಳು. ಕೇಳಿದರೆ, ಸುಸ್ತಪ್ಪಾ ಅಂದಳು. ಟಯರ್ಡ್‌ನೆಸ್ ಈಸ್ ನಾಟ್ ಡಿಸೀಸ್, ತಾಯಂದಿರಿಗೆಲ್ಲ ಇದ್ದದ್ದೇ ಎಂದು ಧೈರ್ಯ ಹೇಳಿದೆ.

ಇಂದು ಮಧ್ಯಾಹ್ನ 1.20ಕ್ಕೆ ಹೋದಾಗ ಅವಳ ಕೋಣೆಗೆ ಹೊರಗಿನಿಂದ ಬೀಗ. ಆಯಮ್ಮ ಮಗು ಎತ್ತಿಕೊಂಡು ಬಾಗಿಲಿಗೇ ಕುರ್ಚಿ ಹಾಕಿ ಕೂತಿದ್ದರು. ಕೀಲಿ ಕೇಳಿದೆ. ಕೊಡಲ್ಲ, ಸಂಜೆ ಬನ್ನಿ ಅಂದರು. ರಾಂಗ್‌ಫುಲ್ ಕನ್‌ಫೈನ್‌ಮೆಂಟ್ ಎಂದು ತಮ್ಮ ಠಾಣೆಗೆ ಫೋನ್ ಮಾಡಿದೆ. ನಿಮ್ಮವರು ಬರುವಷ್ಟರಲ್ಲಿ ನಾನೇ ಬೀಗ ಬಿಚ್ಚಿದೆ. ನನ್ನ ಅಂಗಡಿಯದೇ ಮಾಲು, ಎರಡು ನಿಮಿಷದ ಕೆಲಸ. ಬಾಗಿಲು ಮಾತ್ರ ನಾಲ್ಕು ಬೆರಳಷ್ಟು ಸರಿದು ನಿಂತಿತು. ಮಗಳು ಮಂಚವನ್ನೇ ಬಾಗಿಲಿಗೆ ಒತ್ತರಿಸಿ ಮಲಗಿದ್ದಳು. ಸಂದಿಯಲ್ಲಿ ಅವಳ ಕೂದಲು ಕಾಣುತ್ತಿತ್ತು. ಬೀಗ ಹಾಕಿ ಅಂತ ಅತ್ತೆಗೆ ನಾನೇ ಹೇಳಿದ್ದು, ನಿನಗೆ ಬೀಗ ಸಾಲಲ್ಲ ಅಂತ ಗೊತ್ತಿತ್ತಪ್ಪಾ, ಅದಕ್ಕೇ ಮಂಚ ಅಂದಳು.

ಆಮೇಲೆ ಬಂದ ಕಾನ್‌ಸ್ಟೇಬಲಮ್ಮನಿಗೆ ಅವಳು ಆ ಸಂದಿಯಿಂದಲೇ ಉತ್ತರ ಕೊಟ್ಟಳು. ನಾನು ಹಿಂದೆ ನಿಂತು ಕೇಳಿದ್ದು: ಮಗು ಮಲಗಿದರೂ ತನಗೆ ನಿದ್ದೆ ಹತ್ತುವುದಿಲ್ಲವಂತೆ, ಹತ್ತಿದರೆ ಯಾರಾದರೂ ಎಬ್ಬಿಸುತ್ತಾರಂತೆ, ತಾನಿಲ್ಲದಿದ್ದರೇ ಮಗುವಿಗೆ ಒಳ್ಳೆಯದೇನೋ ಅನ್ನಿಸುತ್ತದಂತೆ. ಇದನ್ನು ನಿನ್ನೆ ಅತ್ತೆಗೆ ಹೇಳಿದಳಂತೆ. ಅತ್ತೆ ಆಗಲೇ ಡಾಕ್ಟರನ್ನು ಗೊತ್ತು ಮಾಡಿದ್ದಾರೆ, ಅವಳನ್ನು ಒಂಟಿ ಬಿಟ್ಟಿಲ್ಲ, ಇಂದೂ ಕಿಟಕಿಯಿಂದ ನೋಡಿ ನೋಡಿ ಬರುತ್ತಿದ್ದರು. ನಿನ್ನೆ ನಾನೂ ಮೂರು ಸಲ ಹೋಗಿದ್ದೆ. ನನಗೆ ಹೇಳಿರಲಿಲ್ಲ.

ಆದ್ದರಿಂದ ಅಳಿಯನ ತಾಯಿಯ ಮೇಲಿನ ದೂರನ್ನು ವಾಪಸು ತೆಗೆದುಕೊಳ್ಳುತ್ತೇನೆ. ಅವರು ತಪ್ಪೇನೂ ಮಾಡಿಲ್ಲ, ಅದೇ ನನಗೆ ತಡೆಯಲಾಗುತ್ತಿಲ್ಲ ಎಂದೂ ಬರೆದುಕೊಳ್ಳಿ. ನಾಳೆ ಡಾಕ್ಟರ ಹತ್ತಿರ ಮಗಳ ಜೊತೆ ಅವರೇ ಹೋಗುತ್ತಾರೆ. ಆಗ ಮಗು ಯಾರ ಹತ್ತಿರ ಎಂದು, ನಾನು ಹೊರಗೆ ಬಂದ ಮೇಲೆ, ಕಾನ್‌ಸ್ಟೇಬಲಮ್ಮ ಕೇಳಿದ್ದಕ್ಕೆ ಮಗಳು, ಅಪ್ಪನ ಹತ್ತಿರ ಅಂದಳಂತೆ. ಬೀಗಿತ್ತಿಯ ಎದುರಿಗೇ ಅಂದಳಾ ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡಿದ್ದೇನೆ. ಎದುರಿಗೇ ಅಂದಳಂತೆ.

ಇದನ್ನು ಓದಿ ಹೇಳಿದರು, ಕೇಳಿದೆ. ನಾನು ನುಡಿದಂತೆಯೇ ಇದೆ, ಸುಳ್ಳಿಲ್ಲ.

ಸ್ಥಳ: ಠಾಣೆ
ದಿನಾಂಕ: 14, ಮಂಗಳವಾರ
(ಸಹಿ) ಮಗುವಿನ ತಾತ