ಅತ್ತಿಗೆ ಕಂಡ ಇನ್ನೊಬ್ಬ ಅಣ್ಣ

ರಾತ್ರಿ ಹತ್ತಾಗಿತ್ತು. ಅಂಗಡಿಯ ಶಟರ್ ಎಳೆದು ಇಬ್ಬರೂ ಮನೆಗೆ ನಡೆದು ಬರುತ್ತಿದ್ದರು. ನಮ್ಮ ದೊಡ್ಡಮ್ಮನ ಮಗ ಮುಂದೆ, ಅತ್ತಿಗೆ ಹಿಂದೆ. ಅಣ್ಣನದು ಕನ್ನಡಕದ ಅಂಗಡಿ. ಕಣ್ಣು ನೋಡುವವನು ಅವನು, ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು ಅತ್ತಿಗೆ. ಜಾಲರಿ ಮುಚ್ಚಿದ ಹಳೇ ಬಾವಿಯ ಹತ್ತಿರ ಅವಳು ನಿಂತುಬಿಟ್ಟಳು.

"ರೀ... ನೀವು ಇಬ್ಬರಿದ್ದೀರ."

"ಒಬ್ಬನನ್ನೇ ಸುಧಾರಿಸೋಕಾಗಲ್ಲ ನಿನ್ನ ಕೈಲಿ. ನಡಿ."

"ಬೀದಿದೀಪಾನೂ ಎರಡು, ಬಾವೀನೂ ಎರಡು. ಆದರೆ... ನೀವು ಮಾತಾಡಿದಾಗ ಆ ಇನ್ನೊಬ್ಬರು ಬಾಯಿ ತೆರೀಲಿಲ್ಲ."

ಬಾವಿಯೊಳಗೆ ಏನೋ ತೊಟ್ಟಿಕ್ಕಿತು. ಟಪ್... ಟಪ್. ಆಮೇಲೊಂದು ಪಿಸುಮಾತು. ಅದು ಅತ್ತಿಗೆಗೆ ಮಾತ್ರ ಕೇಳಿಸಿತು.

"ಏನಂತಾನೆ ನಿನ್ನ ಎರಡನೇ ಗಂಡ?"

"ಆಸ್ಪತ್ರೆಗೆ ಹೋಗೋಣ ಬಾ ಅಂತಾರೆ."

ಅಣ್ಣ ಮನೆ ಮುಟ್ಟುವವರೆಗೂ ನಕ್ಕ.

ಬೆಳಿಗ್ಗೆ ಅವಳ ಬಲರೆಪ್ಪೆ ಅರ್ಧ ಜೋತಿತ್ತು. "ಈ ವಯಸ್ಸಲ್ಲಿ ಕಣ್ಣು ಹೊಡೀತೀಯಲ್ಲೇ" ಅಂದ, ಗಿರಾಕಿಗಳ ಎದುರಿಗೇ. ಹುಬ್ಬಿನ ಹಿಂದೆ ಮೊಳೆ ಹೊಡೆದ ಹಾಗಿದೆ ಅಂದಳು. ಕುರ್ಚಿಯಲ್ಲಿ ಕೂರಿಸಿ ಟಾರ್ಚ್ ಬಿಟ್ಟ. ಎಡಗಣ್ಣಿನ ಪಾಪೆ ಕುಗ್ಗಿತು. ಬಲಗಣ್ಣಿನದು... ಕುಗ್ಗಲಿಲ್ಲ. ಅಗಲವಾಗಿ, ಕಪ್ಪಗೆ, ಹಾಗೇ ಇತ್ತು.

ಇದರ ಅರ್ಥ ಅವನಿಗೆ ಗೊತ್ತಿತ್ತು. ಬೇರೆ ಯಾರೇ ಆಗಿದ್ದರೂ ಆ ಗಳಿಗೆಯಲ್ಲೇ ದೊಡ್ಡಾಸ್ಪತ್ರೆಗೆ ಓಡಿಸುತ್ತಿದ್ದ. ಆದರೆ ಅರವತ್ತು ಕನ್ನಡಕ ಬಾಕಿ ಬಿದ್ದಿದ್ದವು. ಗಾಜು ಉಜ್ಜಲು ಬರುತ್ತಿದ್ದದ್ದು ಅವಳೊಬ್ಬಳಿಗೇ.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ?" ಅಂದ. ಎರಡು ಕಾಣುವುದನ್ನು ಒಂದಾಗಿಸುವ ಗಾಜು ಬರುತ್ತದಲ್ಲ, ಅದರ ಅಳತೆ ಬರೆದುಕೊಟ್ಟ. ಅದನ್ನೂ ಅವಳೇ ಉಜ್ಜಿದಳು, ಒಂದು ಕಣ್ಣು ಮುಚ್ಚಿಕೊಂಡು. ಗರ್ರ್... ಸುಯ್ಯ್... ಗರ್ರ್...

ಹಾಕಿಕೊಂಡಳು.

"ಈಗ ಎಷ್ಟು ಜನ ಇದ್ದೀನಿ?"

"ಒಬ್ಬರೇ."

"ಮತ್ಯಾಕೆ ಅಳು?"

"ಒಳ್ಳೆಯವರು ಹೋದರು ರೀ."

ಐದನೇ ದಿನ ಉಜ್ಜುವ ಯಂತ್ರದ ಮುಂದೆಯೇ ಬಿದ್ದಳು. ಯಂತ್ರ ತಿರುಗುತ್ತಲೇ ಇತ್ತಂತೆ. ತಲೆಯೊಳಗೆ ರಕ್ತನಾಳವೊಂದು ಬಲೂನಿನ ಹಾಗೆ ಉಬ್ಬಿ, ಕಣ್ಣು ತಿರುಗಿಸುವ ನರವನ್ನು ಒತ್ತುತ್ತಿತ್ತು, ಈಗ ಒಡೆದಿದೆ ಅಂದರು ಡಾಕ್ಟರು. "ರೆಪ್ಪೆ ಜೋತ ದಿನವೇ ಯಾಕೆ ಕರಕೊಂಡು ಬರಲಿಲ್ಲ?" ಬಾಯಿಬಡುಕ ಅಣ್ಣ ಅವಳ ಕನ್ನಡಕ ಮಡಚಿ ಜೇಬಿಗೆ ಹಾಕಿಕೊಂಡ.

ಅತ್ತಿಗೆ ತೀರಿಕೊಂಡು ತಿಂಗಳಾದ ಮೇಲೆ ಅದೇ ದಾರಿ, ಅದೇ ಬಾವಿ. ಈಗ ಒಬ್ಬನೇ. ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು... ಅವನದೇ ಗಂಟಲು.

"ಒಂದು ಗಾಜಲ್ಲಿ ಅಳಿಸಿಹಾಕಿಬಿಟ್ಟೆಯಲ್ಲೋ ನನ್ನ."

"ಯಾ... ಯಾರು?"

"ಅವಳನ್ನ ಕರಕೊಂಡು ಹೋಗಬೇಕಾಗಿದ್ದವನು."

ಅಣ್ಣ ಓಡಲಿಲ್ಲವಂತೆ.

"ನಡಿ ಮನೆಗೆ" ಅಂದಿತು ದನಿ. "ನಾನೂ ಬರ್ತೀನಿ. ಇನ್ನು ಅಲ್ಲೇ ಇರ್ತೀನಿ."

ಮಾಡಿದ ಪಾಪ ಮಾತಾಡಿಸ್ತಿದೆ ಅಂತೀರಿ. ನಾನೂ ಹಾಗೇ ಅಂದುಕೊಂಡು, ನಾಲ್ಕು ಬುದ್ಧಿ ಹೇಳೋಣ ಅಂತ ಮೊನ್ನೆ ಭಾನುವಾರ ಅವನ ಮನೆಗೆ ಹೋದೆ. ಮನೆಯಲ್ಲಿ ಅವನೊಬ್ಬನೇ. ಬಾಗಿಲ ಹೊರಗೆ ಅವನ ಚಪ್ಪಲಿ ಎರಡು ಜೊತೆ ಇದ್ದವು. ಎರಡರಲ್ಲೂ ಎಡಗಾಲಿನ ಹಿಮ್ಮಡಿ ಒಂದೇ ಕಡೆ ಸವೆದಿತ್ತು. ಎರಡರಲ್ಲೂ ಹರಿದ ಹೆಬ್ಬೆರಳ ಪಟ್ಟಿಗೆ ಕಪ್ಪು ದಾರದ ಅದೇ ಮೂರು ಹೊಲಿಗೆ. ಯಾರ ಮೇಲೆ ಬೇಕಾದರೂ ಆಣೆ ಮಾಡ್ತೀನಿ, ನನ್ನ ಕಣ್ಣು ನೆಟ್ಟಗಿದೆ. ಬಗ್ಗಿ, ಕೈಯಿಟ್ಟೂ ನೋಡಿದೆ.

ಎರಡೂ ಜೊತೆ ಬೆಚ್ಚಗಿದ್ದವು.